ಮೈಲಾರವ್ವ ಹೇಳಿದ ಪಥ್ಯ

ನಾನು ಗುಡಗೇರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತೆರಡನೆಯ ಇಸವಿಯಲ್ಲಿ. ನಮ್ಮ ಹಿತ್ತಲಿಗೂ ಮೈಲಾರವ್ವನ ಹಿತ್ತಲಿಗೂ ನಡುವೆ ಒಂದು ಕಳ್ಳಿಬೇಲಿ, ಅದರಲ್ಲಿ ಒಬ್ಬರು ನುಸುಳುವಷ್ಟು ಸಂದಿ. ಬಂದ ಹೊಸದರಲ್ಲೇ ನಮ್ಮ ಅತ್ತೆ ಆ ಸಂದಿಯಿಂದ ಅವಳನ್ನು ತೋರಿಸಿ, ಎದೆಯ ಹುಣ್ಣಿನಿಂದ ಸತ್ತೇ ಹೋಗಬೇಕಾಗಿದ್ದವಳು ದುಮ್ಮವಾಡದ ಔಷಧಿಯಿಂದ ಎದ್ದು ಬಂದಿದ್ದಾಳೆ ಎಂದು ಹೇಳಿದ್ದರು. ನಾನು ನೋಡಿದೆ. ಎತ್ತರದ ಹೆಂಗಸು, ನಲವತ್ತು ದಾಟಿರಬೇಕು, ಬೇವಿನ ನೆರಳಿಗೆ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಸತ್ತು ಬದುಕಿದವಳ ಯಾವ ಗುರುತೂ ಅವಳಲ್ಲಿ ಕಾಣಲಿಲ್ಲ.

ಆಮೇಲೆ ಅವಳು ನನಗೆ ಹತ್ತಿರದವಳಾದಳು. ಅವಳ ಜೀವನದ ನಿಜವಾದ ಸಂಗತಿ ನನಗೆ ತಿಳಿಯಲು ನಾಲ್ಕಾರು ವರ್ಷ ಹಿಡಿಯಿತು. ತಿಳಿದ ಕ್ರಮದಲ್ಲಿ ಹೇಳಿದರೆ ಗೊಂದಲವಾದೀತು, ನಡೆದ ಕ್ರಮದಲ್ಲೇ ಹೇಳುತ್ತೇನೆ.

ನಾನು ಬರುವುದಕ್ಕೆ ಹಿಂದಿನ ವರ್ಷ ಮೈಲಾರವ್ವನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ನೋವು ಇರಲಿಲ್ಲವಾಗಿ ಯಾರಿಗೂ ಹೇಳಲಿಲ್ಲ. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಂತೆ ಆದಾಗ ಗಂಡನಿಗೆ ತಿಳಿಸಿದಳು. ಗಂಡ ಮುದಕಪ್ಪ ಕುರಿ ಸಾಕಿದವನು, ಮಾತು ಕಡಿಮೆ. ಮರುದಿನವೇ ಅವಳನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಮುಟ್ಟಿ ನೋಡಿ, ತಡ ಮಾಡಬೇಡಿರಿ, ಮೀರಜದ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು.

ಆ ರೋಗದ ಹೆಸರನ್ನು ಆಗ ನಮ್ಮ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಾಯಿಗೆ ಬಂದರೆ ಮಗಳಿಗೂ ಬರುತ್ತದೆ, ಅಂಥ ಮನೆಯ ಹೆಣ್ಣು ತರಬಾರದು ಎಂದು ಎಲ್ಲರೂ ನಂಬಿದ್ದರು. ಮೈಲಾರವ್ವನಿಗೆ ಒಬ್ಬಳೇ ಮಗಳು, ಸಾವಕ್ಕ. ಮದುವೆಯ ವಯಸ್ಸಿಗೆ ಬಂದಿದ್ದಳು. ಹಾಗಾಗಿ ಮುದಕಪ್ಪ ಊರಲ್ಲಿ ಬೇರೆ ಮಾತು ಹೇಳಿದ. ಅವನ ತಂಗಿಯನ್ನು ಕಲಘಟಗಿ ಕಡೆ ದುಮ್ಮವಾಡಕ್ಕೆ ಕೊಟ್ಟಿದ್ದರು. ಹೆಂಡತಿಗೆ ಎದೆಯ ಮೇಲೆ ಹುಣ್ಣಾಗಿದೆ, ತಂಗಿಯ ಊರಲ್ಲಿ ಗಿಡಮೂಲಿಕೆ ಔಷಧಿ ಕೊಡುವವರಿದ್ದಾರೆ, ಅಲ್ಲಿ ಬಿಟ್ಟು ಬರುತ್ತೇನೆ ಎಂದ. ಗುಡಗೇರಿಯ ಸ್ಟೇಶನ್ನಿನಲ್ಲಿ ಹತ್ತಿದರೆ ಯಾರಾದರೂ ನೋಡುತ್ತಾರೆಂದು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಮೀರಜದ ರೈಲು ಹಿಡಿದರು.

ಮೀರಜದಲ್ಲಿ ಅವಳ ಎಡ ಎದೆಯನ್ನು ಪೂರ್ತಿ ತೆಗೆದರು. ಗಾಯ ಕೂಡಿದ ಮೇಲೆ, ರೋಗ ಮರಳಿ ಬರದಿರಲೆಂದು, ಮಶೀನಿನ ಕೆಳಗೆ ಮಲಗಿಸಿ ಕರೆಂಟ್ ಕೊಟ್ಟರು. ಕರೆಂಟಿನಿಂದ ಚರ್ಮ ಸುಟ್ಟ ರೊಟ್ಟಿಯ ಹಾಗೆ ಕಪ್ಪಾಗಿ ಸುಲಿಯಿತು. ಅಲ್ಲಿದ್ದಷ್ಟು ದಿನ ಅವಳು ಆ ಜಾಗವನ್ನು ಒಮ್ಮೆಯೂ ನೋಡಲಿಲ್ಲ. ನರ್ಸು ಪಟ್ಟಿ ಬಿಚ್ಚುವಾಗ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಮುದಕಪ್ಪನೂ ಆ ಹೊತ್ತಿಗೆ ಹೊರಗೆ ಎದ್ದು ಹೋಗುತ್ತಿದ್ದ.

ಹೇಳಿದ ಸುಳ್ಳಿಗೆ ಒಂದು ಆಧಾರ ಬೇಕಲ್ಲ. ಮೀರಜದಿಂದ ನೇರ ಊರಿಗೆ ಬರದೆ ಅವಳನ್ನು ದುಮ್ಮವಾಡಕ್ಕೇ ಕರೆದೊಯ್ದು ತಂಗಿಯ ಮನೆಯಲ್ಲಿ ಬಿಟ್ಟ. ಆ ಊರಲ್ಲಿ ಅಜೀಜಾಬಿ ಎಂಬ ಮುದುಕಿ ಇದ್ದಳು. ಸುಟ್ಟ ಗಾಯಕ್ಕೆ, ಬಾಣಂತಿಯರ ಎದೆ ಬಾವಿಗೆ ಎಣ್ಣೆ, ಸೊಪ್ಪು ಹಚ್ಚುತ್ತಿದ್ದಳು. ನಾದಿನಿ ಮೈಲಾರವ್ವನನ್ನು ಅವಳಲ್ಲಿಗೆ ಕರೆದುಕೊಂಡು ಹೋದಳು.

ಅಜೀಜಾಬಿ ಸೆರಗು ಸರಿಸಿ, ಬಟ್ಟೆ ಬಿಚ್ಚಿ, ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಅಂಗೈಯನ್ನು ಆ ಬರಿದಾದ ಜಾಗದ ಮೇಲೆ ಇಟ್ಟಳು.

"ನೀನೂ ಇಡು ಬೇಟಿ," ಎಂದಳು. "ನಿಂದss ಐತಿ ಇದು. ಇದಕ್ಕ ಅಂಜಿದ್ರ ಹ್ಯಾಂಗ?"

ಮೈಲಾರವ್ವ ಅವತ್ತು ಮೊದಲ ಸಲ ಕೆಳಗೆ ನೋಡಿದಳು. ನೋಡಿ ಅತ್ತಳು. ಆಪರೇಶನ್ ಆದ ಮೇಲೆ ಅತ್ತದ್ದು ಅದೇ ಮೊದಲು. ಅಜೀಜಾಬಿ ಸುಮ್ಮನಿರು ಅನ್ನಲಿಲ್ಲ, ಬಾಜುವಿನಲ್ಲಿ ಕೂತು ಲೋಳಸರದ ಎಲೆ ಸೀಳುತ್ತಿದ್ದಳು.

ಎರಡು ತಿಂಗಳು ಅವಳು ಆ ಮನೆಗೆ ದಿನಾ ಹೋದಳು. ಲೋಳಸರದ ತಿರುಳನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಉರಿ ತಣ್ಣಗಾಗುತ್ತಿತ್ತು. ಎಡಗೈ ಮೇಲೆ ಎತ್ತಲು ಬರುತ್ತಿರಲಿಲ್ಲ. ಅಜೀಜಾಬಿ ತನ್ನ ಬೀಸುವ ಕಲ್ಲಿನ ಮುಂದೆ ಕೂರಿಸಿ, ಆ ಕೈಯಿಂದಲೇ ಮೆಲ್ಲಗೆ ತಿರುಗಿಸು ಅನ್ನುತ್ತಿದ್ದಳು. ಒಂದು ಕಷಾಯ ಕೊಟ್ಟಳು, ಅದು ನಿದ್ದೆಗೆ. ಪಥ್ಯ ಏನೆಂದು ಕೇಳಿದರೆ, ಹಸಿವಾದಾಗ ಬೇಕಾದದ್ದು ಉಣ್ಣು ಅಂದಳು. ಊರಿಗೆ ಹೊರಡುವ ದಿನ ಒಂದು ಮಾತು ಸ್ಪಷ್ಟವಾಗಿ ಹೇಳಿದಳು: ನಿನ್ನನ್ನು ಉಳಿಸಿದ್ದು ಮೀರಜದವರ ಚಾಕು, ನಾನು ಬರೀ ಮ್ಯಾಲಿನ ಉರಿ ಆರಿಸಿದವಳು.

ಊರಿಗೆ ಬಂದ ಮೈಲಾರವ್ವ ಹೊಲದ ಹತ್ತಿಯನ್ನೇ ಬಿಡಿಸಿ ಕುಪ್ಪಸದೊಳಗೆ ತುಂಬಿಕೊಂಡಳು. ಬಂದು ನೋಡಿದವರಿಗೆಲ್ಲ ದುಮ್ಮವಾಡದ ಕತೆ ಹೇಳಿದಳು. ಮೊದಮೊದಲು ಗಂಡ ಹೇಳಿಕೊಟ್ಟದ್ದನ್ನಷ್ಟೇ ಹೇಳಿದಳು. ಬರಬರುತ್ತ ಅದು ಬೆಳೆಯಿತು. ಜನ ಪಥ್ಯ ಏನಿತ್ತು ಎಂದು ಕೇಳುತ್ತಿದ್ದರು, ಪಥ್ಯವಿಲ್ಲದ ಔಷಧಿಯನ್ನು ಯಾರು ನಂಬುತ್ತಾರೆ? ಬದನೆಕಾಯಿ ಮುಟ್ಟಲಿಲ್ಲ ಅಂದಳು, ಶೇಂಗಾ ಮುಟ್ಟಲಿಲ್ಲ ಅಂದಳು, ಹುಳಿ ಬಿಟ್ಟೆ ಅಂದಳು, ಒಂದು ದಿನ ತಪ್ಪಿದರೂ ಹುಣ್ಣು ಮತ್ತೆ ಕೆರಳುತ್ತಿತ್ತು ಅಂದಳು. ನಾನೇ ನನ್ನ ಕಿವಿಯಿಂದ ಎಷ್ಟೋ ಸಲ ಕೇಳಿದ್ದೇನೆ. ಚೆನ್ನಾಗಿ ಹೇಳುತ್ತಿದ್ದಳು.

ಆಮೇಲೆ ಅವಳೇ ನನಗೆ ಹೇಳಿದ್ದು, ಹಾಗೆ ಹೇಳುತ್ತ ಹೇಳುತ್ತ ಮೀರಜ ಅವಳ ತಲೆಯಿಂದ ದೂರ ಸರಿಯುತ್ತಿತ್ತಂತೆ. ಆ ಸಾಲುಮಂಚಗಳು, ಎದೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಗೋಡೆ ನೋಡುತ್ತ ಮಲಗಿದ ಹೆಂಗಸರು, ಮುಂಜಾನೆ ಒಂದು ಮಂಚ ಖಾಲಿಯಾಗಿ ಮಧ್ಯಾಹ್ನಕ್ಕೆ ಬೇರೆಯವರು ಬಂದು ಮಲಗುವುದು. ಸುಳ್ಳು ಹೇಳಿದ ದಿನ ಅದೆಲ್ಲ ಕನಸಿಗೆ ಬರುತ್ತಿರಲಿಲ್ಲ.

ಶಿವಗಂಗವ್ವ ಬಂದದ್ದು ಎಪ್ಪತ್ನಾಲ್ಕರ ಸುಗ್ಗಿಯ ಹೊತ್ತಿಗೆ. ಕಾಳಿನ ವ್ಯಾಪಾರಿ ಮಡಿವಾಳೆಪ್ಪನವರ ಹೆಂಡತಿ, ಅನುಕೂಲಸ್ಥ ಮನೆತನ. ಆದರೆ ಅವಳಿಗೂ ಮೈಲಾರವ್ವನಿಗೂ ತವರೂರು ಒಂದೇ, ಸಂಶಿ. ಹಾಗಾಗಿ ಜಾತಿ, ಅಂತಸ್ತು ಬೇರೆಯಾದರೂ ಅಕ್ಕ ತಂಗಿ ಎಂದೇ ಮಾತಾಡುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ, ಓಣಿಯಲ್ಲಿ ಯಾರೂ ಇಲ್ಲದಾಗ, ಅವಳು ಹಿಂದಿನ ಬಾಗಿಲಿನಿಂದ ಬಂದಳು. ಕುಪ್ಪಸದ ಗುಂಡಿ ಬಿಚ್ಚಿ ಮೈಲಾರವ್ವನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಬೆರಳ ಕೆಳಗೆ ಗಂಟು ಸಿಕ್ಕಿತು. ಗಟ್ಟಿಯಾಗಿತ್ತು, ಜರುಗುತ್ತಿರಲಿಲ್ಲ. ಮೈಲಾರವ್ವನಿಗೆ ಅದು ಏನೆಂದು ಮುಟ್ಟಿದ ಗಳಿಗೆಯಲ್ಲೇ ತಿಳಿಯಿತು.

"ಖರೇ ಹೇಳ ಅಕ್ಕಾ," ಎಂದಳು ಶಿವಗಂಗವ್ವ. "ನೀ ಬರೇ ಆ ಔಷಧೀಲೇ ಆರಾಮ ಆದಿ ಹೌದಿಲ್ಲೊ?"

ಆ ತಿಂಗಳು ಸಾವಕ್ಕನಿಗೆ ಕುಂದಗೋಳದ ಕಡೆಯ ಒಂದು ಮನೆಯಿಂದ ಮಾತು ಬಂದಿತ್ತು, ನಿಶ್ಚಯ ಇನ್ನೂ ಆಗಿರಲಿಲ್ಲ. ಶಿವಗಂಗವ್ವ ಯಾರಿಗೂ ಹೇಳುವವಳಲ್ಲ. ಆದರೆ ಅವಳ ಗಂಡನಿಗೆ ಗೊತ್ತಾದರೆ ಅಂಗಡಿಗೆ ಗೊತ್ತಾಗುತ್ತದೆ, ಅಂಗಡಿಗೆ ಗೊತ್ತಾದದ್ದು ಸಂತೆಗೆ ಗೊತ್ತಾಗುತ್ತದೆ. ಮದುವೆ ಮುಗಿದ ಮರುದಿನ ಇವಳಿಗೆ ಹೇಳಿಬಿಡೋಣ ಎಂದುಕೊಂಡಳು ಮೈಲಾರವ್ವ.

"ಹೌದ ತಂಗಿ," ಎಂದಳು.

ಪಥ್ಯವನ್ನೂ ಹೇಳಿದಳು. ಬದನೆಕಾಯಿ, ಶೇಂಗಾ, ಹುಳಿ.

ಗಂಡ ಹೆಂಡತಿ ದುಮ್ಮವಾಡಕ್ಕೆ ಹೋದರು. ಅಜೀಜಾಬಿ ಮುಟ್ಟಿ ನೋಡಿ, ಇದು ನನ್ನ ಕೈಯೊಳಗಿಂದಲ್ಲ, ದೊಡ್ಡ ದವಾಖಾನೆಗೆ ಹೋಗಿರಿ ಎಂದಳು. ಮೈಲಾರವ್ವಗ ವಾಸಿ ಮಾಡೀರಲ್ಲ ಎಂದು ಇವರು ಕೇಳಿದರು. ನಾನು ಮಾಡಿಲ್ಲ ಅಂದಳು ಮುದುಕಿ. ಮೈಲಾರವ್ವನ ಮೀರಜದ ಸಂಗತಿಯನ್ನು ಮಾತ್ರ ಆಡಲಿಲ್ಲ. ಬೇರೆಯವರ ಮೈಯ ಗುಟ್ಟು ಹೇಳುವುದು ಅವಳ ರೂಢಿಯಲ್ಲ. ಗಂಡ ಹೆಂಡತಿ ಅದನ್ನು ದೊಡ್ಡತನ ಎಂದು ತಿಳಿದರು. ಗುಣವಿದ್ದ ಕೈಯವರು ತಾವು ಮಾಡಿದೆ ಅನ್ನುವುದಿಲ್ಲ ಎಂದು ಮಡಿವಾಳೆಪ್ಪನವರು ಹೆಂಡತಿಗೆ ಹೇಳಿದರಂತೆ. ಮತ್ತೆ ಮತ್ತೆ ಹೋದರು, ಕಾಲು ಹಿಡಿದರು. ಕೊನೆಗೆ ಮುದುಕಿ ಬೇಸತ್ತು, ಉರಿ ಆರಲು ಹಚ್ಚುವ ಎಣ್ಣೆಯನ್ನೇ ಕೊಟ್ಟಳು.

ಸಾವಕ್ಕನ ಮದುವೆ ಆಯಿತು. ಮರುದಿನ ಮೈಲಾರವ್ವ ಹೇಳಲಿಲ್ಲ. ಬೀಗರು ಇನ್ನೂ ಮನೆಯಲ್ಲಿದ್ದರು. ಅವರು ಹೋದ ಮೇಲೂ ಹೇಳಲಿಲ್ಲ, ಹೊಸ ಸೊಸೆಯನ್ನು ವಾಪಸು ಕಳಿಸಿಯಾರು ಎಂದು. ಸಾವಕ್ಕನ ಹೊಟ್ಟೆಯಲ್ಲಿ ಒಂದು ಕೂಸು ನಿಲ್ಲಲಿ, ಆಮೇಲೆ ಎಂದುಕೊಂಡಳು. ಅಷ್ಟರಲ್ಲಿ ಶಿವಗಂಗವ್ವನ ಗಂಟು ಒಡೆಯಿತು.

ಮಡಿವಾಳೆಪ್ಪನವರು ಆಗ ಅವಳನ್ನು ಹುಬ್ಬಳ್ಳಿಗೆ ಒಯ್ದರು. ಬಹಳ ತಡವಾಗಿದೆ ಎಂದು ಡಾಕ್ಟರು ತಿರುಗಿ ಕಳಿಸಿದರು. ಎಪ್ಪತ್ತೈದರ ಬೇಸಿಗೆಯಲ್ಲಿ ಮೈಲಾರವ್ವನಿಗೆ ಕರೆ ಬಂತು. ಶಿವಗಂಗವ್ವ ಒಳಕೋಣೆಯಲ್ಲಿ ಮಲಗಿದ್ದಳು. ವಾಸನೆ ತಡೆಯಲು ಲೋಬಾನದ ಹೊಗೆ ಹಾಕಿದ್ದರು. ಮುಖ ಮಾತ್ರ ಮೊದಲಿನ ಹಾಗೇ ಚಂದ ಇತ್ತಂತೆ. ಎಲ್ಲರನ್ನೂ ಹೊರಗೆ ಕಳಿಸಿ, ಮೈಲಾರವ್ವನ ಕೈ ಹಿಡಿದು, ಮೆಲ್ಲಗೆ ಹೇಳಿದಳು:

"ನಂದss ತಪ್ಪ ಅಕ್ಕಾ. ನನ್ನ ತಂಗಿ ಬಸರಿ ಕುಬಸದಾಗ ಒಂದ ಬದನಿಕಾಯಿ ಎಣಗಾಯಿ ತಿಂದೆ. ಪಥ್ಯಾ ಕೆಟ್ಟತು. ಇನ್ನ ಪಥ್ಯಾ ಗಟ್ಟಿ ಹಿಡದ್ರ ಹುಣ್ಣ ಒಣಗತೈತೇನ?"

ಆಗಲೂ ಮೈಲಾರವ್ವ ನಿಜ ಹೇಳಬಹುದಿತ್ತು. ಹೇಳಲಿಲ್ಲ, ಒಣಗತೈತಿ ಎಂದಳು. ಅದಾದ ವಾರದೊಳಗೆ ಶಿವಗಂಗವ್ವ ತೀರಿಕೊಂಡಳು.

ಸತ್ತ ಶಿವಗಂಗವ್ವ ಮೈಲಾರವ್ವನ ಮನೆಗೆ ಬರತೊಡಗಿದ್ದು ಆ ಮಳೆಗಾಲದಿಂದ. ಬರುತ್ತಿದ್ದುದು ಮಧ್ಯಾಹ್ನ, ಅದೇ ಹಿಂದಿನ ಬಾಗಿಲಿಗೆ. ನಾನು ಇದನ್ನು ನಂಬಿ ಎಂದು ಯಾರಿಗೂ ಹೇಳುವುದಿಲ್ಲ. ನಾನು ಕಂಡದ್ದು ಇಷ್ಟು: ಒಂದು ದಿನ ಸೆಗಣಿ ತರಲು ಬೇಲಿಯ ಸಂದಿಯಿಂದ ನುಸುಳಿದಾಗ ಮೈಲಾರವ್ವ ಬಾಗಿಲ ಹತ್ತಿರ ಮಣೆ ಹಾಕಿ, ತಂಬಿಗೆಯಲ್ಲಿ ನೀರು ಇಟ್ಟು, ಖಾಲಿ ಮಣೆಯ ಎದುರಿಗೆ ಕೂತಿದ್ದಳು. ಹುಳಿ ತಿಂದರೂ ನಡೆಯುತ್ತದೆ, ಬದನೆಕಾಯಿ ತಿಂದರೂ ನಡೆಯುತ್ತದೆ ಎಂದು ಯಾರಿಗೋ ಸಮಾಧಾನ ಮಾಡುವವಳ ಹಾಗೆ ಹೇಳುತ್ತಿದ್ದಳು. ನಾನು ಸೆಗಣಿ ಬಿಟ್ಟು ಹಾಗೇ ಹಿಂದೆ ಬಂದೆ.

ಅವಳ ಬೆರಳಿಗೂ ಏನೋ ಹತ್ತಿಕೊಂಡಿತ್ತು. ರೊಟ್ಟಿಗೆ ಹಿಟ್ಟು ನಾದುವಾಗ ನೀರು ಹಿಡಿಯದ ಒಂದು ಗಂಟು ಕೈಗೆ ಸಿಕ್ಕರೆ ಮುದ್ದೆಯನ್ನೇ ಬಿಟ್ಟು ಏಳುತ್ತಿದ್ದಳು. ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಇಲ್ಲದ ಎಡ ಎದೆ ಭಾರವಾಗುತ್ತದೆ, ಹಾಲು ತುಂಬಿದ ಹಾಗೆ ಜಗ್ಗುತ್ತದೆ ಅನ್ನುತ್ತಿದ್ದಳು. ಇದ್ದ ಬಲ ಎದೆಯನ್ನು ದಿನಕ್ಕೆ ಎಷ್ಟೋ ಸಲ ಒತ್ತಿ ನೋಡಿಕೊಳ್ಳುತ್ತಿದ್ದಳು. ಮುದಕಪ್ಪ ಯಾರನ್ನೋ ಕರೆಸಿ ತಾಯತ ಕಟ್ಟಿಸಿದ, ಮನೆಯ ಸುತ್ತ ಬೂದಿಯ ಗೆರೆ ಹಾಕಿಸಿದ. ಗೆರೆಯ ಆಚೆಯಿಂದಲೇ ಅವಳು ಕೇಳುತ್ತಾಳೆ ಎಂದಳು ಮೈಲಾರವ್ವ. ಬೈದರೆ ತಡೆದುಕೊಂಡೇನು, ಬಯ್ಯುವುದಿಲ್ಲ, ಪಥ್ಯ ಕೇಳುತ್ತಾಳೆ.

ಒಂದು ದಿನ ನನ್ನನ್ನು ಜೊತೆಗೆ ಕರೆದುಕೊಂಡು ದುಮ್ಮವಾಡಕ್ಕೆ ಹೋದಳು. ಬಸ್ಸಿನಲ್ಲಿ, ಕಲಘಟಗಿ ದಾಟಿದ ಮೇಲೆ, ಎಲ್ಲವನ್ನೂ ಹೇಳಿದಳು. ಕಿಟಕಿಯ ಆಚೆ ನೋಡುತ್ತ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಅಜೀಜಾಬಿ ಬಹಳ ಇಳಿದುಹೋಗಿದ್ದಳು. ಮನೆಯಲ್ಲಿ ಸೊಪ್ಪಿನ ವಾಸನೆಯೇ ಇರಲಿಲ್ಲ. ಶಿವಗಂಗವ್ವ ಸತ್ತ ಸುದ್ದಿ ಬಂದ ಮೇಲೆ ಔಷಧಿ ಕೊಡುವುದನ್ನು ಬಿಟ್ಟಿದ್ದಳಂತೆ. ಹಿಂದೆ ಕೊಟ್ಟ ಕಷಾಯವನ್ನೇ ಕೊಡು, ನಿದ್ದೆ ಬರಲಿ ಎಂದು ಮೈಲಾರವ್ವ ಬೇಡಿಕೊಂಡಳು.

"ಅದು ಕೊಯ್ದ ನೋವಿಗೆ ಇತ್ತು ಬೇಟಿ," ಎಂದಳು ಅಜೀಜಾಬಿ. "ಇದಕ್ಕ ನನ್ನ ಹಂತ್ಯಾಕ ಎಲಿ ಇಲ್ಲ. ಆ ಹುಡುಗಿಗೆ ಬ್ಯಾಡ ಅಂದೆ, ಎಣ್ಣಿ ಯಾಕ ಕೊಟ್ಟೆ? ನಾನೂ ಅದನ್ನss ಕೇಳ್ಕೊಂತ ಕುಂತೀನಿ."

ಹೊರಡುವಾಗ ಮುದುಕಿ ಮೈಲಾರವ್ವನ ಎಡಗೈಯನ್ನು ಎತ್ತಿ ನೋಡಿದಳು, ಎಷ್ಟು ಮೇಲೆ ಹೋಗುತ್ತದೆ ಎಂದು. ಪೂರಾ ಹೋಗುತ್ತಿತ್ತು.

ಊರಿಗೆ ಬಂದ ಮೇಲೆ ಮೈಲಾರವ್ವ ಗಂಡನನ್ನೂ ಕೇಳದೆ ಮಡಿವಾಳೆಪ್ಪನವರ ಅಂಗಡಿಗೆ ಹೋದಳು. ಹಮಾಲರು ಊಟಕ್ಕೆ ಹೋಗಿದ್ದರು. ಗಾದಿಯ ಮೇಲೆ ಅವರೊಬ್ಬರೇ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದಳು. ಮೀರಜ, ಕೊಯ್ದದ್ದು, ಕರೆಂಟು, ಪಥ್ಯವನ್ನು ತಾನೇ ಕಟ್ಟಿದ್ದು. ಅವರು ಕೂಗಾಡುತ್ತಾರೆ, ಹೊಡೆಯುತ್ತಾರೆ ಎಂದುಕೊಂಡು ಹೋಗಿದ್ದಳು. ಅವರು ಕೈಯಲ್ಲಿದ್ದ ಕಡಲೆ ಕಾಳನ್ನು ಚೀಲಕ್ಕೆ ಹಾಕಿ, ಆ ಚೀಲದ ಬಾಯಿಯನ್ನೇ ನೋಡಿದರು.

"ಎಣಗಾಯಿ ತಿಂದಿ ಅಂತ ದಿನಾ ಬೈದೆ ನಾ ಆಕಿಗೆ," ಎಂದರು. "ಸಾಯೂತನಾ ಬೈದೆ. ಈಗ ಯಾಕ ಬಂದ ಹೇಳಿದಿ?"

ಹೋಗು ಎಂದರು, ಮೈಲಾರವ್ವ ಹೊರಟು ಬಂದಳು. ಆಮೇಲೆ ಅವರು ಎಂದೂ ಅವಳ ಕಡೆ ನೋಡಲಿಲ್ಲ. ಆ ವರ್ಷವೇ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಹುಬ್ಬಳ್ಳಿಗೆ ಹೋದರು.

ಸುದ್ದಿ ಊರಿಗೆ ಹಬ್ಬಿತು. ಸಾವಕ್ಕನ ಅತ್ತೆಯ ಮನೆಯವರು ಅವಳನ್ನು ಬಾಣಂತನಕ್ಕೆ ಕಳಿಸಿದವರು ಒಂದು ವರ್ಷ ವಾಪಸು ಕರೆಯಲಿಲ್ಲ. ಮುದಕಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಅಡ್ಡ ಬಂದ ಹೆಂಗಸರು ಉಗುಳಿ ದಾಟಿದ್ದೂ ಉಂಟು. ನಮ್ಮ ಅತ್ತೆಯೂ ಬೇಲಿಯ ಸಂದಿಗೆ ಮುಳ್ಳು ಹಚ್ಚಿಸಿದರು. ನಾನು ಸುತ್ತು ಹಾಕಿ ಹೋಗುತ್ತಿದ್ದೆ. ಮೈಲಾರವ್ವ ಕುಪ್ಪಸದೊಳಗೆ ಹತ್ತಿ ತುಂಬುವುದನ್ನು ಬಿಟ್ಟಿದ್ದಳು. ಒಂದು ಕಡೆ ಬಟ್ಟೆ ಒಳಕ್ಕೆ ಬಿದ್ದು ಎದ್ದು ಕಾಣುತ್ತಿತ್ತು.

ನಿಜ ಹೇಳಿದ ಮೇಲೆ ಶಿವಗಂಗವ್ವ ಬರುವುದು ನಿಂತಿತೇ ಎಂದು ನಾನು ಕೇಳಿದೆ. ಇಲ್ಲ ಎಂದಳು. ಆದರೆ ಈಗ ಏನೂ ಕೇಳುವುದಿಲ್ಲವಂತೆ, ಬಂದು ನಿಲ್ಲುತ್ತಾಳಂತೆ. ಪಥ್ಯ ಕೇಳುತ್ತಿದ್ದಾಗ ಉತ್ತರ ಕೊಟ್ಟು ಕಳಿಸುತ್ತಿದ್ದೆ, ಈಗ ಹೇಗೆ ಕಳಿಸಲಿ ಎಂದಳು.

ಎಪ್ಪತ್ತೆಂಟರಲ್ಲಿ ಖಾಸಿಂಬಿ ಬಂದಳು. ಸ್ಟೇಶನ್ ಹತ್ತಿರ ಬಳೆ ಮಾರುವ ಮಾಬುಸಾಬನ ಹೆಂಡತಿ. ಅವಳಿಗೂ ಗಂಟು. ಮೈಲಾರವ್ವ ಮುಟ್ಟಿ ನೋಡಲಿಲ್ಲ, ಮುಟ್ಟಲು ಅವಳಿಂದ ಆಗಲಿಲ್ಲ. ಬಾಗಿಲು ಹಾಕಿ, ತನ್ನ ಕುಪ್ಪಸ ಬಿಚ್ಚಿ ನಿಂತಳು. ಖಾಸಿಂಬಿ ಹೆದರಿ ಮುಖ ಮುಚ್ಚಿಕೊಂಡಳು. ಆಗ ಅವಳ ಕೈ ಹಿಡಿದು ಆ ಕಪ್ಪು ಚರ್ಮದ ಮೇಲೆ ಇಟ್ಟುಕೊಂಡು, ಇದು ನೋವು ಕೊಡುವುದಿಲ್ಲ, ನಾನು ಏಳು ವರ್ಷದಿಂದ ಉಣ್ಣುತ್ತ ಇದ್ದೇನೆ ಎಂದಳು. ಮುಂದಿನ ವಾರ ಆ ಗಂಡ ಹೆಂಡತಿ, ಮೈಲಾರವ್ವ, ಮೂವರೂ ಗುಡಗೇರಿಯ ಸ್ಟೇಶನ್ನಿನಿಂದಲೇ ಮೀರಜದ ರೈಲು ಹತ್ತಿದರು. ಮೈಲಾರವ್ವ ಅಲ್ಲಿ ಖಾಸಿಂಬಿಯ ಮಂಚದ ಕೆಳಗೇ ಮಲಗುತ್ತಿದ್ದಳು. ಪಟ್ಟಿ ಬಿಚ್ಚುವಾಗ ಗೋಡೆ ನೋಡಬೇಡ ಎಂದು ಗದ್ದ ಹಿಡಿದು ಈಚೆ ತಿರುಗಿಸುತ್ತಿದ್ದಳು. ಬಂದ ಮೇಲೆ ಲೋಳಸರ ಕುಸುಬಿ ಎಣ್ಣೆ ಕಲಸಿ ಹಚ್ಚಿದಳು, ತನ್ನ ಬೀಸುವ ಕಲ್ಲಿನ ಮುಂದೆ ಕೂರಿಸಿ ಆ ಕೈ ಸಡಿಲ ಮಾಡಿಸಿದಳು. ಖಾಸಿಂಬಿ ಚೇತರಿಸಿಕೊಂಡಳು.

ಆ ದಿನಗಳಲ್ಲಿ ಮೈಲಾರವ್ವ ನಗುವುದನ್ನು ಒಂದೆರಡು ಸಲ ಕಂಡೆ. ಮಧ್ಯಾಹ್ನ ಚೂರು ನಿದ್ದೆಯೂ ಬರುತ್ತಿತ್ತಂತೆ.

ಆಮೇಲೆ ಒಂದು ಸಂತೆಯ ದಿನ ನಮ್ಮ ಅತ್ತೆ ಬಳೆ ಇಡಿಸಿಕೊಂಡು ಬಂದು ಸುದ್ದಿ ಹೇಳಿದರು. ಖಾಸಿಂಬಿಗೆ ಯಾವುದೋ ದರ್ಗಾದ ನೀರು ಕುಡಿದು ವಾಸಿಯಾಯಿತಂತೆ. ಅವಳೇ ಅಂಗಡಿಗೆ ಬಂದ ಹೆಂಗಸರಿಗೆ ಹೇಳುತ್ತಿದ್ದಳಂತೆ. ಅವಳಿಗೂ ಮದುವೆಗೆ ಬಂದ ಮಗಳಿದ್ದಳು.

ಮೈಲಾರವ್ವನಿಗೆ ಇದನ್ನು ನಾನೇ ಹೇಳಿದೆ. ಕೇಳಿ ಅವಳು ಸಿಟ್ಟಾಗಲಿಲ್ಲ. ಎದ್ದು ಹಿಂದಿನ ಬಾಗಿಲು ಹಾಕಿ ಅಗಳಿ ಇಟ್ಟಳು. ಅವತ್ತು ಒಲೆ ಹಚ್ಚಲಿಲ್ಲ. ಮರುದಿನ ಬೆಳಿಗ್ಗೆ ಖಾಸಿಂಬಿಯ ಮನೆಗೆ ಹೋದಳು, ನಾನೂ ಹೋದೆ. ಊರಿಗೆಲ್ಲ ಏನಾದರೂ ಹೇಳಿಕೋ, ನಾನು ಬೇಡ ಅನ್ನುವುದಿಲ್ಲ, ಗಂಟು ಹಿಡಿದುಕೊಂಡು ಬಂದವಳಿಗೆ ಮಾತ್ರ ನಿಜ ಹೇಳು ಎಂದು ಕೇಳಿಕೊಂಡಳು. ಹೇಳುತ್ತೇನೆ ಎಂದು ಖಾಸಿಂಬಿ ಕುರಾನಿನ ಆಣೆ ಮಾಡಿದಳು, ಕಣ್ಣೀರು ಹಾಕಿದಳು, ನಮಗೆ ಚಹಾ ಕೊಟ್ಟಳು.

ಆ ಮಾತನ್ನು ಅವಳು ನಡೆಸಿಕೊಟ್ಟಳೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಮೈಲಾರವ್ವ ಅದನ್ನೇ ಕೇಳುತ್ತಿದ್ದಳು, ಹೇಳುತ್ತಾಳೇನು, ನಿನಗೇನು ಅನ್ನಿಸುತ್ತದೆ ಎಂದು. ನನಗೆ ಅಷ್ಟು ನಂಬಿಕೆ ಇರಲಿಲ್ಲ, ಆದರೂ ಹೇಳುತ್ತಾಳೆ ಎಂದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ.